ಕುಷಾಯಿಗೂಡದಲ್ಲೊಂದು ಹಾಲಿನ ವ್ಯಾಜ್ಯ

ಹೈದರಾಬಾದು ನೋಡಲೆಂದು ಊರಿನಿಂದ ಬರುವ ನೆಂಟರಿಷ್ಟರು ಚಾರ್‌ಮಿನಾರಿಗೆ ಒಂದು ದಿನ, ಗೋಲ್ಕೊಂಡಕ್ಕೆ ಒಂದು ದಿನ, ಸಾಲಾರ್‌ಜಂಗರ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಎಂದು ಲೆಕ್ಕ ಹಾಕಿಕೊಂಡು ಬಂದು, ನಾಲ್ಕನೆಯ ದಿನ ಮುತ್ತಿನ ಸರವೊಂದನ್ನು ಕೊಂಡು ಕಾಚಿಗುಡದಲ್ಲಿ ರೈಲು ಹತ್ತಿಬಿಡುತ್ತಾರೆ. ಕುಷಾಯಿಗೂಡವನ್ನು ನೋಡಲೆಂದೇ ಬಂದವರನ್ನು ನಾವು ಇದುವರೆಗೆ ಕಂಡಿಲ್ಲ. ಇಲ್ಲಿಗೆ ಬರುವವರು ನಮ್ಮಂಥವರ ಮನೆಗೆ ಬರುವವರು. ಬಂದ ಮೇಲೆ, "ಇಲ್ಲಿ ನೋಡುವಂಥದ್ದು ಏನದರಿ?" ಎಂದು ಅವರು ಕೇಳಿದರೆ ನಾವು ತಲೆ ಕೆರೆದುಕೊಳ್ಳುವುದೂ ಉಂಟು.

ಸಿಕಂದರಾಬಾದಿನಿಂದ ಬಸ್ಸಿನಲ್ಲಿ ಹೊರಟರೆ ಮೌಲಾಲಿಯ ಗುಡ್ಡವೂ ಅದರ ನೆತ್ತಿಯ ದರ್ಗಾವೂ ಕಣ್ಣಿಗೆ ಬೀಳುತ್ತವೆ. ಅಲ್ಲಿಂದ ಇನ್ನಷ್ಟು ಮುಂದೆ ಬಂದರೆ ಇ. ಸಿ. ಐ. ಎಲ್. ಚೌರಸ್ತೆ, ಚೌರಸ್ತೆಯ ಬಗಲಿಗೇ ಕುಷಾಯಿಗೂಡ. 1967ರ ಏಪ್ರಿಲ್ 11ರಂದು ಡಾ. ಎ. ಎಸ್. ರಾವ್ ಅವರ ಮುಂದಾಳುತನದಲ್ಲಿ ಇಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಹುಟ್ಟಿತು. ನಾಲ್ಕು ವರ್ಷಕ್ಕೆ ಪರಮಾಣು ಇಂಧನದ ಕಾರ್ಖಾನೆ ಬಂದಿತು. ಹೊಲ ಬಂಡೆಗಳಿದ್ದ ಜಾಗದಲ್ಲಿ ಕಾಲೊನಿಗಳು ಎದ್ದವು, ಬಸ್ಸಿನ ಡಿಪೋ ಬಂದಿತು, ಚೆರ್ಲಪಲ್ಲಿಯವರೆಗೆ ಸಣ್ಣಪುಟ್ಟ ಕಾರ್ಖಾನೆಗಳ ಸಾಲೇ ಬೆಳೆಯಿತು. ಆ ರಾಯರ ಹೆಸರಿನ ನಗರವೂ ಪಕ್ಕದಲ್ಲಿಯೇ ಇದೆ. ನೌಕರಿ ಹುಡುಕಿ ಬಂದ ಕಲಬುರ್ಗಿ, ರಾಯಚೂರು, ಬೀದರದ ಕನ್ನಡಿಗರೂ ಇಲ್ಲಿ ಸೂರು ಮಾಡಿಕೊಂಡರು. 1956ರ ನವೆಂಬರ್ 1ಕ್ಕೆ ಮುಂಚೆ ಇವರೆಲ್ಲ ಒಂದೇ ಸಂಸ್ಥಾನದ ಪ್ರಜೆಗಳಾಗಿದ್ದವರು. ಆದುದರಿಂದ ಪರದೇಶಕ್ಕೆ ಬಂದೆವೆಂಬ ಭಾವನೆ ಹಿರಿಯರಲ್ಲಿ ಇರಲಿಲ್ಲ. ಅದು ನಮ್ಮ ಮಕ್ಕಳಿಗೆ ಕನ್ನಡ ಓದಲು ಬಾರದೆ ಹೋದಾಗ ಬಂದಿತು. ಅದು ಬೇರೆಯ ಮಾತು.

ಒಟ್ಟಿನಲ್ಲಿ ಇದು ಅಳೆಯುವವರ ಊರು. ಇಡೀ ದೇಶದ ಮತಗಳನ್ನು ಎಣಿಸುವ ಯಂತ್ರ ತಯಾರಾಗುವುದು ಎರಡೇ ಕಡೆ: ಒಂದು ಬೆಂಗಳೂರಿನ ಬಿ. ಇ. ಎಲ್., ಇನ್ನೊಂದು ನಮ್ಮ ಈ ಇ. ಸಿ. ಐ. ಎಲ್. ಇಂಥ ಊರಿನಲ್ಲಿ ಬಾಳುತ್ತಿದ್ದೂ ಒಂದು ಲೀಟರ್ ಹಾಲನ್ನು ಸರಿಯಾಗಿ ಅಳೆಯಲಾರದೆ ನಾವು ಮಾಡಿಕೊಂಡ ಫಜೀತಿಯನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳಬೇಕಾಗಿದೆ.

ಕುಷಾಯಿಗೂಡದ ಬೆಳಗು ಹಾಲಿನಿಂದ ಮೊದಲಾಗುತ್ತದೆ. ಐದು ಗಂಟೆಗೆಲ್ಲ ಕಿರಾಣಿ ಅಂಗಡಿಯ ಮುಂದೆ ಪ್ಲಾಸ್ಟಿಕ್ಕಿನ ಟ್ರೇಗಳಲ್ಲಿ ಪಾಕೀಟುಗಳು ಬಂದು ಬೀಳುತ್ತವೆ. ಲಾಲಾಪೇಟೆಯ ಸರಕಾರಿ ಡೈರಿಯ 'ವಿಜಯಾ' ಇದೆ. ನಮ್ಮ ಕಡೆಯ 'ನಂದಿನಿ'ಯೂ ಈ ಪಟ್ಟಣಕ್ಕೆ ಬಂದು ಕಾಲೂರಿದೆ. ಕನ್ನಡ ಅಕ್ಷರವುಳ್ಳ ಪಾಕೀಟನ್ನು ಕಂಡು ನಮ್ಮ ನೆರೆಯ ಅಜ್ಜಿಯೊಬ್ಬರು ಅದನ್ನು ಒಡೆಯಲು ಮನಸ್ಸಾಗದೆ ಒಂದು ದಿನ ಹಾಗೆಯೇ ಇಟ್ಟುಕೊಂಡಿದ್ದರಂತೆ. ಇದಲ್ಲದೆ ಮೋಟಾರು ಸೈಕಲ್ಲಿನ ಎರಡೂ ಮಗ್ಗುಲಿಗೆ ಕ್ಯಾನು ಕಟ್ಟಿಕೊಂಡು ಬರುವ ಎಮ್ಮೆ ಹಾಲಿನವರು ಇದ್ದಾರೆ. ಚೆರ್ಲಪಲ್ಲಿಯ ಆಚೆ, ಹೊಸ ಮನೆಗಳ ಮಧ್ಯೆ ಉಳಿದುಕೊಂಡ ಖಾಲಿ ಜಾಗಗಳಲ್ಲಿ ತಗಡಿನ ಕೊಟ್ಟಿಗೆ ಕಟ್ಟಿಕೊಂಡು ಐದೋ ಆರೋ ಎಮ್ಮೆ ಸಾಕಿದವರು ಇವರು. ನಮ್ಮ ಮನೆಗೆ ಹನ್ನೆರಡು ವರ್ಷ ಅಂಥವನೊಬ್ಬನೇ ದಿನಕ್ಕೆ ಒಂದು ಲೀಟರ್ ಹಾಲು ಹಾಕುತ್ತಿದ್ದನು. ಲೀಟರ್ ಅಳತೆಯನ್ನು ತುಂಬಿ ಸುರಿದ ಮೇಲೆ ಕ್ಯಾನಿನಿಂದ ಇನ್ನೊಂದು ಸಣ್ಣ ಧಾರೆ ಬಿಡುವನು. ನಮ್ಮ ಕಡೆ ಇದಕ್ಕೆ ಕೊಸರು ಎನ್ನುತ್ತೇವೆ. ಅದನ್ನು ನಾವು ಎಂದೂ ಲೆಕ್ಕಕ್ಕೆ ಹಿಡಿದವರಲ್ಲ.

ಹೀಗಿರಲು 2019ರ ಅಕ್ಟೋಬರಿನಲ್ಲಿ ಪತ್ರಿಕೆಯಲ್ಲೊಂದು ಸುದ್ದಿ ಬಂದಿತು. ಆಹಾರ ಸುರಕ್ಷತಾ ಪ್ರಾಧಿಕಾರದವರು ಹಿಂದಿನ ವರ್ಷ ದೇಶದ ಉದ್ದಗಲಕ್ಕೂ 6,432 ಹಾಲಿನ ಮಾದರಿಗಳನ್ನು ತೆಗೆದು ಪರೀಕ್ಷಿಸಿದ್ದರು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು ಬರಿಯ 12ರಲ್ಲಿ. ಕೇಳಿದವರು ಸಂತೋಷಪಡಬೇಕಾದ ಸಂಗತಿಯೇ. ಆದರೆ ಆ ಹನ್ನೆರಡರಲ್ಲಿ ಒಂಬತ್ತು ತೆಲಂಗಾಣದವು! ಅಲ್ಲದೆ ಶೇಕಡಾ 41ರಷ್ಟು ಮಾದರಿಗಳು, ಕುಡಿಯಲು ಅಪಾಯವಿಲ್ಲದಿದ್ದರೂ, ಕೊಬ್ಬು ಮತ್ತು ಉಳಿದ ಘನಪದಾರ್ಥದಂಥ ಯಾವುದೋ ಒಂದು ಗುಣಮಟ್ಟದಲ್ಲಿ ಕಡಮೆ ಬಿದ್ದಿದ್ದವು. ಸಾಬೂನಿನ ಪುಡಿ, ಯೂರಿಯಾ ಎಂದು ಜನ ಹೆದರುತ್ತಾರೆ. ವಾಸ್ತವದಲ್ಲಿ ನಡೆಯುವ ಮೋಸ ಬಹುಮಟ್ಟಿಗೆ ಕೆನೆಯದು, ನೀರಿನದು. ನಾವು ಇದನ್ನೆಲ್ಲ ಸಮಾಧಾನದಿಂದ ಓದಬೇಕಾಗಿತ್ತು. ನಮ್ಮ ಕಣ್ಣು 'ತೆಲಂಗಾಣದವು ಒಂಬತ್ತು' ಎಂಬಲ್ಲಿಯೇ ಕೂತುಬಿಟ್ಟಿತು.

ಮರುದಿನವೇ ಕೋಠಿಗೆ ಹೋಗಿ, ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಲ್ಯಾಕ್ಟೋಮೀಟರನ್ನು ಕೊಂಡು ತಂದೆವು. ಇದು ಕೆಳಗೆ ಗುಂಡು ಬುರುಡೆ, ಮೇಲೆ ಸಣ್ಣ ಕೊರಳು ಇರುವ ಗಾಜಿನ ಕೊಳವೆ. ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ. ಹಾಲು ನೀರಿಗಿಂತ ತುಸು ಭಾರ. ನೀರು ಒಂದು ಲೀಟರ್ ಒಂದು ಕಿಲೋ ತೂಗಿದರೆ ಹಾಲು ಸುಮಾರು ಒಂದು ಕಿಲೋ 30 ಗ್ರಾಂ ತೂಗುತ್ತದೆ. ಆ 30 ಎಂಬುದೇ ಕೊಳವೆಯ ಕೊರಳಿನ ಮೇಲೆ ಓದುವ ಅಂಕೆ. 28ರಿಂದ 32ರವರೆಗೆ ಬಂದರೆ ಹಾಲು ಸರಿ, ಅದಕ್ಕೆ ಕಡಮೆ ಬಂದರೆ ನೀರು ಎಂದು ಅಂಗಡಿಯವನು ಪಾಠ ಹೇಳಿಕೊಟ್ಟನು.

ಬೆಳಿಗ್ಗೆ ಐದೂಮುಕ್ಕಾಲಿಗೆ ಹಾಲು ಬಂದಿತು. ಅವನ ಎದುರಿಗೇ ಉದ್ದನೆಯ ಲೋಟಕ್ಕೆ ಹಾಲು ಸುರಿದು ಕೊಳವೆಯನ್ನು ಬಿಟ್ಟೆವು. ಅದು ಎರಡು ಸಲ ಕುಣಿದು 26ಕ್ಕೆ ನಿಂತಿತು. ನಮ್ಮ ಎದೆ ಡವಗುಟ್ಟಿತು. ಮೂವತ್ತಕ್ಕೆ ನಾಲ್ಕು ಕಡಮೆ ಎಂದರೆ ನೂರಕ್ಕೆ ಹದಿಮೂರು ಪಾಲು ನೀರು. ತಿಂಗಳಿಗೆ ಸುಮಾರು ನಾಲ್ಕು ಲೀಟರ್ ನೀರಿಗೆ ಹಾಲಿನ ಬೆಲೆ ತೆತ್ತಂತಾಯಿತು. ಹನ್ನೆರಡು ವರ್ಷಕ್ಕೆ ಎಷ್ಟಾಯಿತು! ಈ ಲೆಕ್ಕವನ್ನೆಲ್ಲ ನಾವು ಮೆಟ್ಟಿಲ ಮೇಲೆ ನಿಂತು, ಎದುರು ಮನೆಯವರಿಗೂ ಕೇಳುವ ಹಾಗೆ ಹೇಳಿದೆವು.

ಅವನು ನಮ್ಮ ಕಡೆ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯಾಕೆಯನ್ನು ನೋಡಿ, "ನೀಳ್ಳು ಕಲಪಲೇದಮ್ಮಾ" ಎಂದನು. ನೀರು ಬೆರೆಸಿಲ್ಲವಮ್ಮಾ ಎಂದು. ಅಷ್ಟೇ ಹೇಳಿ ಕ್ಯಾನಿನ ಮುಚ್ಚಳ ಹಾಕಿಕೊಂಡು ಹೋದನು.

"ಹಾಲಿಗೆ ನೀರು ಕೂಡಿದ್ರ ಬೆಣ್ಣಿ ಕಡಿಮಿ ಆಗಬೇಕಲ್ಲ? ಮೊದಲಿನಷ್ಟೇ ಬರಾಕತ್ತದ" ಎಂದಳು ನಮ್ಮಾಕೆ. ದಿನದಿನದ ಕೆನೆಯನ್ನು ಕೂಡಿಟ್ಟು ಹದಿನೈದು ದಿನಕ್ಕೊಮ್ಮೆ ಕಡೆದು ಕಾಸಿ, ಅರ್ಧ ಕಿಲೋಗೆ ಮೇಲೆ ತುಪ್ಪ ತೆಗೆಯುವುದು ಅವಳ ಕ್ರಮ. ಗಾಜಿನ ಕೊಳವೆಯ ಎದುರಿಗೆ ಬೆಣ್ಣೆಯ ಸಾಕ್ಷಿ ನಮಗೆ ಹಳ್ಳಿಯ ಮಾತಾಗಿ ಕಂಡಿತು. ಸುಮ್ಮನಿರು ಎಂದೆವು.

ಹಾಲಿನವನು ಮರುದಿನವೂ ಬಂದನು. ಅಳತೆಯನ್ನು ತುಂಬಿದನು, ನೊರೆ ಇಳಿಯುವವರೆಗೆ ಕಾದನು, ಅಂಚಿಗೆ ಸರಿಯಾಗಿ ಮತ್ತೆ ತುಂಬಿ ಪಾತ್ರೆಗೆ ಸುರಿದನು. ಆಮೇಲೆ ಕ್ಯಾನನ್ನು ಮುಚ್ಚಿದನು. ಕೊಸರಿನ ಧಾರೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕೊಳವೆಯಲ್ಲಿ ಮಾತ್ರ ಅದೇ 26. ಕಳ್ಳತನ ಬಯಲಾದರೂ ಬಿಡನಲ್ಲ ಎಂದು ನಾವು ಆಶ್ಚರ್ಯಪಟ್ಟೆವು.

ಸಂಕ್ರಾಂತಿಗೆ ನಮ್ಮಾಕೆಯ ಅಣ್ಣ ಬಂದರು. ಕರ್ನಾಟಕದ ಒಂದು ಸಹಕಾರಿ ಹಾಲು ಒಕ್ಕೂಟದ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕಲಿತದ್ದು ಬೆಂಗಳೂರಿನ ಆಡುಗೋಡಿಯ ಡೈರಿ ಸಂಸ್ಥೆಯಲ್ಲಿ. ಆ ಸಂಸ್ಥೆ 1923ರಷ್ಟು ಹಳೆಯದು. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗಿದ್ದ ಗಾಂಧೀಜಿಯವರು ಗೋಪಾಲನೆ ಕಲಿಯಲು ಅಲ್ಲಿಗೆ ಹೋಗುತ್ತಿದ್ದರು. ಆನಂದದ ಕುರಿಯನ್ನರು ಅಮೆರಿಕಕ್ಕೆ ಹೋಗುವ ಮುಂಚೆ ಕೆಲವು ತಿಂಗಳು ಅಲ್ಲಿಯೇ ಕಲಿತರು. 1955ರಲ್ಲಿ ಮುಖ್ಯ ಸಂಸ್ಥೆ ಕರ್ನಾಲಿಗೆ ಹೋಗಿ, ಬೆಂಗಳೂರಿನದು ಅದರ ದಕ್ಷಿಣದ ಶಾಖೆಯಾಗಿ ಉಳಿಯಿತು. ಇದನ್ನೆಲ್ಲ ಭಾವನವರು ಪ್ರತಿ ಸಲ ಬಂದಾಗಲೂ ಹೇಳುತ್ತಾರೆ. ಈ ಸಲ ನಾವೇ ಮುಂದಾಗಿ ಲ್ಯಾಕ್ಟೋಮೀಟರನ್ನು ತೋರಿಸಿ ನಮ್ಮ ಪತ್ತೇದಾರಿಕೆಯನ್ನು ಬಣ್ಣಿಸಿದೆವು.

ಅವರು ಕನ್ನಡಕ ಏರಿಸಿ ಕೊಳವೆಯ ಕೊರಳನ್ನು ತಿರುಗಿಸಿ ನೋಡಿದರು. "ಇಲ್ಲಿ ಸಣ್ಣ ಅಕ್ಷರದಾಗ 60 ಅಂತ ಬರದದಲ್ರಿ ರಾಯರ, ಏನದು?"

ನಮಗೆ ಅದು ಕಂಡೇ ಇರಲಿಲ್ಲ. ಅದು ಫ್ಯಾರನ್‌ಹೈಟ್ ಡಿಗ್ರಿ. ಹಾಲು ಆ ಶಾಖದಲ್ಲಿ, ಎಂದರೆ ಸುಮಾರು ಹದಿನೈದೂವರೆ ಸೆಂಟಿಗ್ರೇಡಿನಲ್ಲಿ, ಇದ್ದರೆ ಮಾತ್ರ ಓದಿದ ಅಂಕೆ ನಿಜ. ಬಿಸಿ ಹಾಲು ಹಿಗ್ಗಿ ಹಗುರಾಗುತ್ತದೆ. ಕೊಳವೆ ಆಳಕ್ಕೆ ಇಳಿಯುತ್ತದೆ. ಅಂಕೆ ಕಡಮೆ ತೋರುತ್ತದೆ. ಅರವತ್ತರ ಮೇಲೆ ಹತ್ತು ಫ್ಯಾರನ್‌ಹೈಟ್ ಡಿಗ್ರಿಗೆ ಒಂದರಂತೆ ಓದಿಗೆ ಕೂಡಿಸಬೇಕು. ನಮ್ಮ ಹಾಲಿನವನು ನಾಲ್ಕೂವರೆಗೆ ಕರೆದು ಐದೂಮುಕ್ಕಾಲಿಗೆ ತಂದ ಹಾಲು ಕ್ಯಾನಿನಲ್ಲಿ ಇನ್ನೂ ಎಮ್ಮೆಯ ಮೈಯ ಬಿಸುಪನ್ನು ಬಿಟ್ಟಿರಲಿಲ್ಲ. ಭಾವನವರು ಮರುದಿನ ಜ್ವರ ನೋಡುವುದಲ್ಲದ ಬೇರೊಂದು ಥರ್ಮಾಮೀಟರನ್ನು ತರಿಸಿ ಇಟ್ಟು ನೋಡಿದರು: 34 ಸೆಂಟಿಗ್ರೇಡ್, ಅಂದರೆ 93 ಫ್ಯಾರನ್‌ಹೈಟ್. ಕೂಡಿಸಬೇಕಾದ್ದು ಮೂರೂಕಾಲಕ್ಕೆ ಮೇಲೆ.

"ಇನ್ನೊಂದದ. ಆಗಷ್ಟೇ ಕರದ ಹಾಲಿಗೆ ಈ ಕೊಳವಿ ಹಾಕಬಾರದು" ಎಂದರು. ಹೊಸ ಹಾಲಿನಲ್ಲಿ ಕೊಬ್ಬು ಕರಗಿದ ಸ್ಥಿತಿಯಲ್ಲಿರುತ್ತದೆ. ತಣ್ಣಗಾಗಿ ಕೆಲವು ಗಂಟೆ ಕಳೆದ ಮೇಲೆ ಅದು ಗಟ್ಟಿಯಾಗಿ ಕುಗ್ಗುತ್ತದೆ, ಹಾಲಿನ ಸಾಂದ್ರತೆ ಒಂದಿಷ್ಟು ಏರುತ್ತದೆ. ರೆಕ್ನಾಗೆಲ್ ಎಂಬ ಜರ್ಮನಿಯವನ ಹೆಸರಿನಿಂದ ಇದನ್ನು ಕರೆಯುತ್ತಾರಂತೆ. ಅದೇ ಹಾಲನ್ನು ತಂಪುಪೆಟ್ಟಿಗೆಯಲ್ಲಿಟ್ಟು ಮಧ್ಯಾಹ್ನ ತೆಗೆದು, ಮೆಲ್ಲಗೆ ಕಲಕಿ, ಅರವತ್ತು ಡಿಗ್ರಿಗೆ ಬರುವವರೆಗೆ ಕಾದು, ಕೊಳವೆಯನ್ನು ಬಿಟ್ಟರು. ಅದು 30ಕ್ಕೆ ನಿಂತಿತು.

ನಾವು ಮಾತಾಡಲಿಲ್ಲ. ನಮ್ಮಾಕೆಯೂ ಮಾತಾಡಲಿಲ್ಲ, ಅವಳು ಮಾತಾಡಿದ್ದರೆ ಚೆನ್ನಾಗಿತ್ತು.

ಆದರೆ ಭಾವನವರು ಇಷ್ಟಕ್ಕೆ ಬಿಡುವ ಅಸಾಮಿಯಲ್ಲ. "ಮೂವತ್ತು ಬಂತು ಅಂತ ಹಾಲು ಚಲೋ ಅಂತ ಆಗ್ಲಿಲ್ಲ ಮತ್ತ" ಎಂದು ಇನ್ನೊಂದು ಪ್ರಯೋಗ ತೋರಿಸಿದರು. ಹಾಲನ್ನು ರಾತ್ರಿಯೆಲ್ಲ ತಂಪಿನಲ್ಲಿಟ್ಟು ಬೆಳಿಗ್ಗೆ ಮೇಲೆ ಕಟ್ಟಿದ ಕೆನೆಯನ್ನು ಸೌಟಿನಿಂದ ತೆಗೆದರು. ಈಗ ಕೊಳವೆ 34 ತೋರಿಸಿತು. ಕೊಬ್ಬು ಹಗುರವಾದುದರಿಂದ ಅದನ್ನು ತೆಗೆದರೆ ಉಳಿದ ಹಾಲು ಭಾರವಾಗುತ್ತದೆ. ಬಳಿಕ ಏಳು ಲೋಟ ಹಾಲಿಗೆ ಒಂದು ಲೋಟದಷ್ಟು ನೀರು ಸುರಿದರು. ಮತ್ತೆ ಕೊಳವೆ ಬಿಟ್ಟರೆ 30! ಕೆನೆ ಹೋಗಿದೆ, ನೀರು ಬಂದಿದೆ, ಲ್ಯಾಕ್ಟೋಮೀಟರಿನ ಕಣ್ಣಿಗೆ ಮಾತ್ರ ಹಾಲು ಗಂಗೆಯಷ್ಟು ಶುದ್ಧ. ನಾವು ಶುದ್ಧ ಹಾಲನ್ನು ಕಳ್ಳಹಾಲೆಂದೆವು. ನಿಜವಾದ ಕಳ್ಳಹಾಲನ್ನು ನಮ್ಮ ಮುಂದೆ ಇಟ್ಟಿದ್ದರೆ ಕೈಮುಗಿದು ಕೊಳ್ಳುತ್ತಿದ್ದೆವು.

ಹಾಗಾದರೆ ಹಾಲನ್ನು ಅಳೆಯುವುದು ಹೇಗೆ? ಸಾಂದ್ರತೆ ಒಂದೇ ಸಾಲದು, ಕೊಬ್ಬನ್ನೂ ಬೇರೆಯಾಗಿ ತಿಳಿಯಬೇಕು. ಎರಡೂ ತಿಳಿದರೆ ಉಳಿದದ್ದನ್ನು ಕಾಗದದ ಮೇಲೆ ಕಂಡುಹಿಡಿಯಬಹುದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬ್ಯಾಬ್‌ಕಾಕ್ ಎಂಬವರು 1890ರಲ್ಲಿ ಇದಕ್ಕೊಂದು ಸುಲಭ ಪರೀಕ್ಷೆಯನ್ನು ಕಂಡುಹಿಡಿದು, ಪೇಟೆಂಟು ಮಾಡಿಸದೆ ಲೋಕಕ್ಕೆ ಬಿಟ್ಟುಕೊಟ್ಟರು. ಸ್ವಿಟ್ಸರ್ಲೆಂಡಿನ ಗೆರ್ಬರ್ ಎಂಬವರು ಒಂದೆರಡು ವರ್ಷದಲ್ಲಿ ಇನ್ನೊಂದನ್ನು ತಂದರು. ನಮ್ಮ ದೇಶದಲ್ಲಿ ಬೇರೂರಿದ್ದು ಗೆರ್ಬರರ ಪದ್ಧತಿ. ವಿಶೇಷ ಗಾಜಿನ ನಳಿಗೆಗೆ ಹತ್ತು ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ ಹತ್ತೂಮುಕ್ಕಾಲು ಮಿಲಿಲೀಟರ್ ಹಾಲು, ಒಂದು ಮಿಲಿಲೀಟರ್ ಅಮೈಲ್ ಆಲ್ಕೋಹಾಲು. ಬಿರಡೆ ಹಾಕಿ ಅಲುಗಿಸಿದರೆ ನಳಿಗೆ ಕೈಸುಡುವಷ್ಟು ಕಾದು ಹಾಲು ಕಂದಾಗುತ್ತದೆ. ಆಮ್ಲವು ಕೊಬ್ಬೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕರಗಿಸುತ್ತದೆ. ನಳಿಗೆಗಳನ್ನು ಯಂತ್ರದಲ್ಲಿಟ್ಟು ನಿಮಿಷಕ್ಕೆ ಸಾವಿರದ ನೂರು ಸುತ್ತಿನಂತೆ ತಿರುಗಿಸಿ, 65 ಡಿಗ್ರಿಯ ಬಿಸಿನೀರಿನಲ್ಲಿ ನಿಲ್ಲಿಸಿದರೆ, ಕೊಬ್ಬು ಹೊನ್ನಿನ ಕಡ್ಡಿಯಂತೆ ನಳಿಗೆಯ ಕೊರಳಿನಲ್ಲಿ ನಿಲ್ಲುತ್ತದೆ. ಅದನ್ನು ಓದಿಕೊಳ್ಳುವುದು. "ಮೂವತ್ತು ವರ್ಷ ದಿನಾ ಆ ಕಡ್ಡಿ ನೋಡೀನಿ. ಅಂಗಿ ಮ್ಯಾಲೆ ಆಸಿಡಿನ ತೂತಿಲ್ಲದ ದಿನ ಇಲ್ಲ" ಎಂದು ಭಾವನವರು ತೋಳು ತೋರಿಸಿದರು. ತೋಳಿನ ಮೇಲೆಯೂ ಕಲೆಗಳಿದ್ದವು.

ಮನೆಯಲ್ಲಿ ಗಂಧಕಾಮ್ಲ ತರಲು ನಮ್ಮಾಕೆ ಬಿಡಲಿಲ್ಲ. ಆದುದರಿಂದ ಎರಡು ಸಣ್ಣ ಸೀಸೆಗಳಲ್ಲಿ, ಒಂದರಲ್ಲಿ ಹಾಲಿನವನ ಹಾಲು, ಇನ್ನೊಂದರಲ್ಲಿ ಭಾವನವರ 'ಕಳ್ಳಹಾಲು' ಹಿಡಿದುಕೊಂಡು, ಕೀಸರದ ಕಡೆಯ ಹಳ್ಳಿಯೊಂದರ ಹಾಲು ಸಂಗ್ರಹಕೇಂದ್ರಕ್ಕೆ ಮರುದಿನ ಬೆಳಿಗ್ಗೆ ಹೊರಟೆವು. ಕುಷಾಯಿಗೂಡದಿಂದ ಆ ದಿಕ್ಕಿಗೆ ಹೋಗುವವರು ಸಾಮಾನ್ಯವಾಗಿ ಕೀಸರಗುಟ್ಟದ ರಾಮಲಿಂಗೇಶ್ವರನ ದರ್ಶನಕ್ಕೆ ಹೋಗುವವರು. ಹಾಲಿನ ಸೀಸೆ ಹಿಡಿದ ನಮ್ಮನ್ನು ಕಂಡು ಆಟೋದವನು ಅಭಿಷೇಕಕ್ಕೆಂದೇ ತಿಳಿದನು.

ಕೇಂದ್ರವೆಂದರೆ ಒಂದೇ ಕೋಣೆ. ಹೊರಗೆ ಕ್ಯಾನು, ತಂಬಿಗೆ, ಬಿಂದಿಗೆ ಹಿಡಿದ ಹತ್ತಿಪ್ಪತ್ತು ಜನ. ಒಳಗೆ ಒಂದು ವಿದ್ಯುತ್ ತಕ್ಕಡಿ, ರೇಡಿಯೋದಷ್ಟು ದೊಡ್ಡದೊಂದು ಯಂತ್ರ, ಚೀಟಿ ಮುದ್ರಿಸುವ ಪೆಟ್ಟಿಗೆ. ಹಾಲನ್ನು ಇಲ್ಲಿ ಅಳತೆಯಿಂದ ಅಳೆಯುವುದಿಲ್ಲ, ತೂಗುತ್ತಾರೆ. ಆಗತಾನೆ ಕರೆದ ಹಾಲಿನ ನೊರೆ ಲೀಟರ್ ಅಳತೆಯಲ್ಲಿ ಜಾಗ ಹಿಡಿಯುತ್ತದೆ. ತಕ್ಕಡಿಯ ಮೇಲೆ ಅದಕ್ಕೆ ಬೆಲೆಯಿಲ್ಲ. ಕಿಲೋವನ್ನು 1.03ರಿಂದ ಭಾಗಿಸಿದರೆ ಲೀಟರ್. ಆಮೇಲೆ ಹಾಲನ್ನು ಚೆನ್ನಾಗಿ ಕಲಕಿ ಒಂದು ಬಟ್ಟಲು ಮಾದರಿಯನ್ನು ಯಂತ್ರದ ನಳಿಗೆ ಹಿಡಿಯುತ್ತಾರೆ. ಯಂತ್ರ ಅದನ್ನು ಹೀರಿ, ಬಿಸಿ ಮಾಡಿ, ನಮ್ಮ ಕಿವಿಗೆ ಕೇಳದ ಶಬ್ದದ ಅಲೆಯನ್ನು ಅದರೊಳಗೆ ಹಾಯಿಸುತ್ತದೆ. ಅಲೆ ಎಷ್ಟು ಬೇಗ ದಾಟಿತು ಎಂಬುದರ ಮೇಲೆ ಕೊಬ್ಬು ಎಷ್ಟು, ಉಳಿದ ಘನ ಎಷ್ಟು ಎಂದು ಒಂದು ನಿಮಿಷದಲ್ಲಿ ಹೇಳುತ್ತದೆ. "ಆದರ ಈ ಯಂತ್ರಕ್ಕೂ ಗುರು ಗೆರ್ಬರನ" ಎಂದರು ಭಾವನವರು. ಆಮ್ಲದ ಪರೀಕ್ಷೆಯ ಜೊತೆಗೆ ಆಗಾಗ ತಾಳೆ ನೋಡಿ ತಿದ್ದದಿದ್ದರೆ ಅದು ಸುಳ್ಳು ಹೇಳುತ್ತದಂತೆ. ಅದೂ ಆಕಳಿಗೆ ಬೇರೆ, ಎಮ್ಮೆಗೆ ಬೇರೆ ತಿದ್ದುಪಡಿ.

ನಮ್ಮ ಸರದಿಗೆ ಮುಂಚೆ ಒಬ್ಬ ಮುದುಕಿ ತನ್ನ ಚೀಟಿಯನ್ನು ಹಿಡಿದು ನಿಂತಳು. ಹಿಂದಿನ ದಿನಕ್ಕಿಂತ ಕೊಬ್ಬು 0.3 ಕಡಮೆ. ಅಂಗುಲದಷ್ಟು ಕಾಗದದ ಮೇಲಿನ ಒಂದು ಚುಕ್ಕೆ, ಒಂದು ಮೂರು. ಅವಳಿಗೆ ಅದು ವಾರದ ಕೊನೆಗೆ ಕೈಗೆ ಬರುವ ಹಣ. ಯಂತ್ರ ಕೆಟ್ಟಿದೆ ಎಂದಳು. ಕೂತಿದ್ದ ಹುಡುಗ ಇಲ್ಲವೆಂದನು. ಭಾವನವರು ಹರುಕು ತೆಲುಗಿನಲ್ಲಿ ಕೇಳಿದರು: ಕರುವನ್ನು ಯಾವಾಗ ಬಿಟ್ಟೆಯವ್ವಾ? ಕರೆದಾದ ಮೇಲೆ ಬಿಟ್ಟಿದ್ದಳಂತೆ, ಈ ದಿನ ಸ್ವಲ್ಪ ಬೇಗ. ಕೆಚ್ಚಲಿನ ಮೊದಲ ಹಾಲು ತೆಳು, ಕೊನೆಯ ಹಾಲೇ ಕೊಬ್ಬು ತುಂಬಿದ್ದು. ಆ ಕೊನೆಯದು ಕರುವಿನ ಹೊಟ್ಟೆಗೆ ಹೋಗಿತ್ತು. ಮುದುಕಿ ಸ್ವಲ್ಪ ಹೊತ್ತು ಯೋಚಿಸಿ, "ಪೋನೀ, ದೂಡನೇ ಕದಾ ತಾಗಿಂದಿ" ಎಂದಳು. ಹೋಗಲಿ, ಕರುವೇ ತಾನೆ ಕುಡಿದದ್ದು ಎಂದು. ಅವಳಿಗೆ ಒಬ್ಬರಾದರೂ ಕಾರಣ ಹೇಳಿದರು. ನಮ್ಮ ಹಾಲಿನವನಿಗೆ ಮೆಟ್ಟಿಲ ಮೇಲಿನಿಂದ ನಾವು ಅಂಕೆಯೊಂದನ್ನು ಎಸೆದಿದ್ದೆವು, ಅಷ್ಟೇ.

ನಮ್ಮ ಎರಡು ಸೀಸೆಗಳನ್ನು ಹುಡುಗ ನಗುತ್ತಲೇ ಯಂತ್ರಕ್ಕೆ ಹಿಡಿದನು. ಮೊದಲನೆಯದು: ಕೊಬ್ಬು 6.8, ಉಳಿದ ಘನ 9.0. ಎರಡನೆಯದು: ಕೊಬ್ಬು 2.6, ಉಳಿದ ಘನ 8.2. ಲ್ಯಾಕ್ಟೋಮೀಟರಿನಲ್ಲಿ ಎರಡೂ 30 ಎಂದಿದ್ದವುಗಳೇ. ಭಾವನವರು ಚೀಟಿಯ ಹಿಂದೆ ಪೆನ್ಸಿಲಿನಿಂದ ರಿಚ್‌ಮಂಡರ ಹಳೆಯ ಸೂತ್ರವನ್ನು ಬರೆದು ತೋರಿಸಿದರು: ಲ್ಯಾಕ್ಟೋಮೀಟರಿನ ತಿದ್ದಿದ ಓದಿನ ನಾಲ್ಕನೆಯ ಒಂದು ಪಾಲಿಗೆ ಕೊಬ್ಬಿನ ಐದನೆಯ ಒಂದು ಪಾಲನ್ನೂ 0.14ನ್ನೂ ಕೂಡಿಸಿದರೆ ಕೊಬ್ಬಲ್ಲದ ಘನ ಸಿಗುತ್ತದೆ. ಏಳೂವರೆ, ಒಂದು ಚಿಲ್ಲರೆ, ಸೊನ್ನೆ ಚಿಲ್ಲರೆ, ಕೂಡಿದರೆ ಒಂಬತ್ತು. ಯಂತ್ರವೂ ಪೆನ್ಸಿಲೂ ಒಂದೇ ಮಾತು ಹೇಳಿದವು.

ಮನೆಗೆ ಬಂದಮೇಲೆ ನಮ್ಮಾಕೆಯ ತುಪ್ಪದ ಲೆಕ್ಕವನ್ನೂ ಮಾಡಿದರು. ನೂರಕ್ಕೆ 6.8 ಎಂದರೆ ಒಂದು ಲೀಟರಿನಲ್ಲಿ ಎಪ್ಪತ್ತು ಗ್ರಾಂ ಕೊಬ್ಬು. ಹದಿನೈದು ಲೀಟರಿಗೆ ಒಂದು ಕಿಲೋಗೆ ತುಸು ಮೇಲೆ. ಎಲ್ಲ ಕೆನೆಯೂ ಕೈಗೆ ಸಿಗುವುದಿಲ್ಲ, ಕುಡಿದ ಹಾಲಿನಲ್ಲಿ ಒಂದಷ್ಟು ಹೋಗುತ್ತದೆ, ಮಜ್ಜಿಗೆಯಲ್ಲಿ ಒಂದಷ್ಟು. ಅರ್ಧ ಕಿಲೋಗೆ ಮೇಲೆ ಬರುವುದು ಸರಿಯಾದ ಮಾತು. ಅದೇ ನೀಲಿ ಪಾಕೀಟಿನ ಟೋನ್ಡ್ ಹಾಲಾಗಿದ್ದರೆ ಕೊಬ್ಬು ನೂರಕ್ಕೆ ಮೂರು. ಹದಿನೈದು ಲೀಟರನ್ನು ಹನಿಬಿಡದೆ ಹಿಂಡಿದರೂ ಅರ್ಧ ಕಿಲೋ ತುಂಬದು. ಎಮ್ಮೆ ಹಾಲಿಗೆ ನೀರು ಸೇರುತ್ತ ಬಂದಿದ್ದರೆ ತುಪ್ಪ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬರಬೇಕಾಗಿತ್ತು. "ನಮ್ಮ ತಂಗಿ ಹದಿನೈದು ದಿನಕ್ಕೊಮ್ಮೆ ಗೆರ್ಬರ್ ಟೆಸ್ಟ್ ಮಾಡಾಕತ್ತಾಳ, ನಿಮಗ ಗೊತ್ತಿಲ್ಲ" ಎಂದು ಭಾವನವರು ನಕ್ಕರು. ಅವಳೂ ನಕ್ಕಳು. ಅದು ನಮ್ಮನ್ನು ಕ್ಷಮಿಸಿದ ನಗೆಯಲ್ಲವೆಂಬುದು ಗಂಡಂದಿರಾದವರಿಗೆ ತಿಳಿಯುತ್ತದೆ.

ಈ ನೆಪದಲ್ಲಿ ಗೃಹಿಣಿಯರಿಗೆ ಉಪಯೋಗವಾಗುವ ಒಂದೆರಡು ಸಂಗತಿಗಳೂ ಹೊರಬಿದ್ದವು. ಅಡಿಗೆಮನೆಯ ಸಣ್ಣ ತಕ್ಕಡಿ ಇದ್ದರೆ ಅರ್ಧ ಲೀಟರ್ ಹಾಲಿನ ಪಾಕೀಟನ್ನು ಅದರ ಮೇಲಿಡಿ. ಪ್ಲಾಸ್ಟಿಕ್ಕಿನ ತೂಕ ಬಿಟ್ಟು ಸುಮಾರು 515 ಗ್ರಾಂ ಇರಬೇಕು. 500 ಗ್ರಾಂ ಬಂದರೆ ಸರಿಯಿದೆಯೆಂದು ತೃಪ್ತಿಪಡಬೇಡಿ, ಅದು ಕಡಮೆಯೇ. ತುಪ್ಪದ್ದು ಇದರ ವಿರುದ್ಧ. ಒಂದು ಲೀಟರ್ ತುಪ್ಪ ತೂಗುವುದು ಸುಮಾರು 910 ಗ್ರಾಂ ಮಾತ್ರ. ಡಬ್ಬಿಯ ಮೇಲೆ ಲೀಟರ್ ಎಂದಿದೆಯೋ ಕಿಲೋ ಎಂದಿದೆಯೋ ನೋಡದೆ ಬೆಲೆ ಹೋಲಿಸಿದರೆ ತೊಂಬತ್ತು ಗ್ರಾಂ ಗಾಳಿಗೆ. ಪಾಕೀಟಿನ ಬಣ್ಣಗಳನ್ನು ಕಂಪೆನಿಗೊಂದರಂತೆ ಬದಲಿಸುತ್ತಾರಾದ್ದರಿಂದ ಬಣ್ಣವನ್ನು ನಂಬದೆ ಅಕ್ಷರವನ್ನು ಓದಬೇಕು: ಟೋನ್ಡ್ ಎಂದರೆ ಕೊಬ್ಬು 3, ಉಳಿದ ಘನ 8.5, ಡಬಲ್ ಟೋನ್ಡ್ ಎಂದರೆ 1.5 ಮತ್ತು 9. ಸ್ಟ್ಯಾಂಡರ್ಡೈಸ್ಡ್ ಎಂದರೆ 4.5 ಮತ್ತು 8.5, ಪೂರ್ಣ ಕೆನೆಯದು 6 ಮತ್ತು 9. ಇದಕ್ಕಿಂತ ಕಡಮೆ ಇರಕೂಡದೆಂಬುದು ಕಾನೂನು. ಹಿಂದಿನ ಕಾಲದಲ್ಲಿ ಸೇರು, ಪಾವು, ಚಟಾಕು ಎಂದು ಊರಿಗೊಂದು ಅಳತೆ ಇದ್ದು, 1956ರ ಕಾಯಿದೆ ಬಂದಮೇಲೆ ಅವೆಲ್ಲ ಅಟ್ಟ ಸೇರಿದವು. ಅಳತೆ ಒಂದಾಯಿತು, ಓದುವ ಅಭ್ಯಾಸ ಮಾತ್ರ ನಮಗೆ ಇನ್ನೂ ಬಂದಿಲ್ಲ.

ಭಾವನವರನ್ನು ರೈಲು ಹತ್ತಿಸಲು ಹೋಗುವಾಗ ತಾರ್ನಾಕದಲ್ಲಿ ಬಸ್ಸು ನಿಂತಿತು. ಅಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕಟ್ಟಡಗಳಿವೆ. 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಅವರು ಒಂದೇ ಕೋಣೆಯಲ್ಲಿ ಆರಂಭಿಸಿದ ಬೆರಿಬೆರಿ ಶೋಧನೆ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಈಗಿನ ಹೆಸರನ್ನು 1969ರಲ್ಲಿ ಪಡೆಯಿತು. ನಮ್ಮ ದೇಶದ 528 ಬಗೆಯ ಆಹಾರಗಳಲ್ಲಿ ಏನೇನಿದೆ ಎಂದು ಅಳೆದು 2017ರಲ್ಲಿ ದೊಡ್ಡ ಕೋಷ್ಟಕವನ್ನೇ ಹೊರತಂದಿದ್ದಾರೆ. ಎಮ್ಮೆ ಹಾಲಿನ ಕೊಬ್ಬು ಅಲ್ಲಿ ಸುಮಾರು ಆರೂವರೆ, ಆಕಳದು ನಾಲ್ಕೂವರೆ. ಕುಷಾಯಿಗೂಡದಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಹೇಳುವ ನಾವು ಈ ದಾರಿಯಲ್ಲಿ ಸಾವಿರ ಸಲ ಓಡಾಡಿದ್ದರೂ ಆ ಫಲಕವನ್ನು ಓದಿದ್ದು ಆ ದಿನವೇ. "ಮಾಫಿ ಕೇಳೀರೇನು?" ಎಂದರು ಭಾವನವರು, ಕಿಟಕಿಯ ಹೊರಗೆ ನೋಡುತ್ತ. ಇನ್ನೂ ಇಲ್ಲ ಎಂದೆವು.

ಮರುದಿನ ಕೇಳಿದೆವು. ಮೆಟ್ಟಿಲ ಮೇಲೆಯೇ, ಎದುರು ಮನೆಯವರು ಹಲ್ಲುಜ್ಜುತ್ತಿದ್ದ ಹೊತ್ತಿಗೆ, ಚೀಟಿಯನ್ನು ತೋರಿಸಿ, ತಪ್ಪು ನಮ್ಮದೆಂದೂ ಕೊಳವೆಯದಲ್ಲವೆಂದೂ ತೆಲುಗಿನಲ್ಲಿ ಹೇಳಿದೆವು. ಅವನು ಚೀಟಿಯನ್ನು ತೆಗೆದುಕೊಂಡು 6.8 ಎಂಬುದನ್ನು ನೋಡಿ, "ಈ ಎಮ್ಮೆಗಳಿಗೆ ಹತ್ತಿಕಾಳಿನ ಹಿಂಡಿ ಹಾಕುತ್ತೇನೆ ಸಾರು" ಎಂದನು. ಚೀಟಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡನು. ಬೇರೆ ಮನೆಗಳಲ್ಲಿ ನಮ್ಮ ಮಾತು ಕೇಳಿ ಇಬ್ಬರು ಹಾಲು ಬಿಟ್ಟಿದ್ದರೆಂಬುದು ಆಮೇಲೆ ತಿಳಿಯಿತು. ನಾವು ಆ ಎರಡು ಮನೆಗಳಿಗೂ ಹೋದೆವು. ಒಬ್ಬರು ಮತ್ತೆ ಹಾಕಿಸಿಕೊಂಡರು. ಇನ್ನೊಬ್ಬರು ಪಾಕೀಟೇ ಅನುಕೂಲವೆಂದರು.

2020ರ ಮಾರ್ಚಿನ ಕೊನೆಗೆ ಊರೆಲ್ಲ ಬಾಗಿಲು ಹಾಕಿತು. ಹೋಟೆಲುಗಳು, ಮಿಠಾಯಿ ಅಂಗಡಿಗಳು ಮುಚ್ಚಿ ಹಾಲು ಕೊಳ್ಳುವವರಿಲ್ಲದಾಯಿತು. ಎಮ್ಮೆ ಮಾತ್ರ ಎರಡು ಹೊತ್ತೂ ಕರೆಯುತ್ತಲೇ ಇತ್ತು. ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಅವನು ಬಂದು, ಹೆಚ್ಚಿಗೆ ಬೇಕೇ ಅಮ್ಮಾ ಎಂದು ನಮ್ಮಾಕೆಯನ್ನು ಕೇಳುವನು. ಕೆಲವು ದಿನ ನಾಲ್ಕೈದು ಲೀಟರ್ ಕೊಂಡೆವು. ಅಷ್ಟು ಹಾಲನ್ನು ಅವಳು ತಳ ಹಿಡಿಯದ ಹಾಗೆ ಕೈಯಾಡಿಸಿ ಬತ್ತಿಸಿದರೆ ಒಂದು ಕಿಲೋ ಹತ್ತಿರ ಖೋವಾ ಆಗುತ್ತಿತ್ತು. ನಾವು ತೂಗಿ ನೋಡುತ್ತಿದ್ದೆವು, ಅದನ್ನು ಅವಳು ಬೇಡವೆನ್ನಲಿಲ್ಲ.

ಈಗಲೂ ಅವನೇ ಹಾಲು ಹಾಕುತ್ತಾನೆ. ಅಳತೆಯನ್ನು ತುಂಬಿ, ನೊರೆ ಇಳಿಯಲು ಕಾದು, ಅಂಚಿಗೆ ಸರಿಯಾಗಿ ಸುರಿಯುತ್ತಾನೆ. ಪಾತ್ರೆಯ ತೂಕ ಕಳೆದು ತಕ್ಕಡಿಯ ಮೇಲೆ 1 ಕಿಲೋ 30 ಗ್ರಾಂ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಮೆಯಿಲ್ಲ.